ಸಾವಿನ ಕಾರಣ ತಿದ್ದಲು 37 ವರ್ಷ

ಬ್ರೆಜಿಲ್‌ನ ಸಾವೊ ಪಾಲೊ ನಗರದ ಒಂದು ಕುಟುಂಬಕ್ಕೆ 2013ರ ಮಾರ್ಚ್ 15ರಂದು ಮರಣ ಪ್ರಮಾಣಪತ್ರವೊಂದು ಸಿಕ್ಕಿತು. ಮನೆಯ ಯಜಮಾನ ತೀರಿಹೋಗಿ ಆಗಲೇ 37 ವರ್ಷ ಕಳೆದಿತ್ತು. ಹಳೆಯ ಪತ್ರ ಮನೆಯಲ್ಲಿತ್ತು. ಹೊಸದರಲ್ಲಿ ಬದಲಾಗಿದ್ದದ್ದು ಸಾವಿನ ಕಾರಣ ಬರೆಯುವ ಕಾಲಂ. 1975ರ ಪತ್ರ ನೇಣಿನಿಂದ ಉಸಿರುಗಟ್ಟಿ ಸಾವು ಎನ್ನುತ್ತಿತ್ತು. ಹೊಸ ಪತ್ರದಲ್ಲಿ ಸೇನೆಯ ವಶದಲ್ಲಿದ್ದಾಗ ಆದ ಗಾಯ ಮತ್ತು ದೌರ್ಜನ್ಯದಿಂದ ಸಾವು ಎಂದು ಬರೆದಿತ್ತು. ಸೇನೆಯ ಆ ಘಟಕದ ಹೆಸರೂ ಕಾಲಂನಲ್ಲೇ ನಮೂದಾಗಿತ್ತು.

ತೀರಿಹೋದವರು ಪತ್ರಕರ್ತ ವ್ಲಾದಿಮಿರ್ ಹೆರ್ಜೊಗ್. ಸೈನಿಕ ಆಡಳಿತಗಳು ರಾಜಕೀಯ ಕೈದಿಗಳನ್ನು ಕೊಲ್ಲುತ್ತವೆ ಎಂಬುದು ನಮಗೆ ಹೊಸ ಸುದ್ದಿಯಲ್ಲ. ಕೊಂದ ಮೇಲೆ ಅವು ಕಾಗದಪತ್ರಕ್ಕೆ ಎಷ್ಟು ಪಾಡುಪಡುತ್ತವೆ ಎಂಬುದರ ಕಡೆಗೆ ಮಾತ್ರ ಗಮನ ಹೋಗುವುದು ಕಡಿಮೆ. ಮಹಜರು, ಫೋಟೊ, ಶವಪರೀಕ್ಷೆಯ ವರದಿ, ವೈದ್ಯರ ಸಹಿ, ತನಿಖಾ ವರದಿ, ಪತ್ರಿಕಾ ಹೇಳಿಕೆ. ಇವೆಲ್ಲ ಇದ್ದರೇ ಸಾವು ಕಡತದಲ್ಲಿ ಮುಗಿದಂತೆ. ಸತ್ತವರ ಮನೆಯವರು ಜಗಳ ತೆಗೆಯಬೇಕಾದದ್ದೂ ಅಲ್ಲಿಯೇ, ಆ ಕಾಗದಗಳ ಮೇಲೆಯೇ. ಹೆರ್ಜೊಗ್ ಪ್ರಕರಣವನ್ನು ಓದುತ್ತಾ ಹೋದಂತೆ ನನಗೆ ಬಲವಾಗಿ ಅನ್ನಿಸಿದ್ದು ಇದು: ಸುಳ್ಳನ್ನು ಬರವಣಿಗೆಯಲ್ಲಿ ಇಟ್ಟದ್ದೇ ಆ ಆಡಳಿತಕ್ಕೆ ಮುಳುವಾಯಿತು. ಬರೆದು ಸಹಿ ಹಾಕಿದ ಸುಳ್ಳನ್ನು ಒಂದೊಂದು ಸಾಲಾಗಿ ಪರೀಕ್ಷೆಗೆ ಒಡ್ಡಲು ಬರುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1964ರಲ್ಲಿ ಬ್ರೆಜಿಲ್‌ನ ಸೇನೆ ಅಧ್ಯಕ್ಷ ಜೊವೊ ಗುಲಾರ್ ಅವರನ್ನು ಕೆಳಗಿಳಿಸಿ ಅಧಿಕಾರ ಹಿಡಿಯಿತು. 1985ರವರೆಗೆ ಬಿಡಲಿಲ್ಲ. 1968ರ ಡಿಸೆಂಬರ್ 13ರಂದು ಹೊರಬಿದ್ದ ಐದನೇ ಸಾಂಸ್ಥಿಕ ಶಾಸನ ಸಂಸತ್ತಿನ ಬಾಗಿಲು ಹಾಕಿಸಿತು, ರಾಜಕೀಯ ಆರೋಪಿಗಳಿಗೆ ಹೇಬಿಯಸ್ ಕಾರ್ಪಸ್ ಇಲ್ಲದಂತೆ ಮಾಡಿತು, ನ್ಯಾಯಾಧೀಶರ ಸೇವಾ ಭದ್ರತೆಯನ್ನೂ ಕಿತ್ತುಕೊಂಡಿತು. ಮರುವರ್ಷ ಸಾವೊ ಪಾಲೊದಲ್ಲಿ ಸೇನೆ ಮತ್ತು ಪೊಲೀಸರು ಸೇರಿ ವಿಚಾರಣಾ ಕೇಂದ್ರವೊಂದನ್ನು ತೆರೆದರು. ಖರ್ಚಿಗೆ ಉದ್ಯಮಿಗಳೂ ಕೈಜೋಡಿಸಿದ್ದರು. ಅದೇ ಮುಂದೆ ಡೋಯ್-ಕೋಡಿ ಎಂದಾಯಿತು. ತುತೊಯಾ ರಸ್ತೆಯಲ್ಲಿ, ಪೊಲೀಸ್ ಠಾಣೆಯೊಂದರ ಆವರಣದಲ್ಲೇ ಇದ್ದ ಆ ಕಟ್ಟಡದೊಳಗೆ ಹೋದವರಿಗೆ ಮೊದಲು ತಲೆಯ ಮೇಲೆ ಮುಸುಕು ಹಾಕುತ್ತಿದ್ದರು.

ಅಲ್ಲಿ ಸತ್ತವರ ಬಗ್ಗೆ ಹೊರಗೆ ಹೇಳುತ್ತಿದ್ದ ಕಾರಣಗಳು ಕೆಲವೇ. ಗುಂಡಿನ ಚಕಮಕಿಯಲ್ಲಿ ಸತ್ತ, ತಪ್ಪಿಸಿಕೊಂಡು ಓಡುವಾಗ ವಾಹನಕ್ಕೆ ಸಿಕ್ಕ, ಆತ್ಮಹತ್ಯೆ ಮಾಡಿಕೊಂಡ. ಇದಾವುದೂ ಹೊಂದದಿದ್ದರೆ, ಅಂಥವನನ್ನು ನಾವು ಬಂಧಿಸಿಯೇ ಇಲ್ಲ. 1973ರ ಮಾರ್ಚ್‌ನಲ್ಲಿ ಅಲೆಶಾಂಡ್ರೆ ವನ್ನುಕಿ ಲೆಮೆ ಎಂಬ 22ರ ಭೂವಿಜ್ಞಾನದ ವಿದ್ಯಾರ್ಥಿ ಇದೇ ಕೇಂದ್ರದಲ್ಲಿ ಸತ್ತ. ಒಳಗಿದ್ದ ಬೇರೆ ಕೈದಿಗಳಿಗೆ, ಅವನು ಬ್ಲೇಡಿನಿಂದ ಕೊಯ್ದುಕೊಂಡ ಎಂದು ಕಾವಲಿನವರು ಹೇಳಿದರು. ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯಲ್ಲಿ ಅವನು ಓಡಿಹೋಗುವಾಗ ಲಾರಿಗೆ ಸಿಕ್ಕಿದ್ದ. ಒಂದೇ ಸಾವಿಗೆ ಗೋಡೆಯ ಒಳಗೊಂದು ಕಾರಣ, ಹೊರಗೊಂದು ಕಾರಣ. ಎರಡನ್ನೂ ಹೇಳಿದ್ದು ಒಂದೇ ಇಲಾಖೆ.

1974ರಲ್ಲಿ ಅಧ್ಯಕ್ಷರಾದ ಜನರಲ್ ಎರ್ನೆಸ್ಟೊ ಗೈಸೆಲ್ ಬಿಗಿಯನ್ನು ನಿಧಾನವಾಗಿ ಸಡಿಲಿಸುವುದಾಗಿ ಹೇಳಿದ್ದರು. ಸೇನೆಯೊಳಗಿನ ಕಠಿಣ ಬಣಕ್ಕೆ ಅದು ಬೇಕಿರಲಿಲ್ಲ. ಆಯುಧ ಹಿಡಿದಿದ್ದ ಗುಂಪುಗಳು ಅಷ್ಟರಲ್ಲಿ ನಾಶವಾಗಿದ್ದವು. ಆದ್ದರಿಂದ ಆಯುಧವನ್ನೇ ಹಿಡಿಯದಿದ್ದ ಬ್ರೆಜಿಲಿಯನ್ ಕಮ್ಯುನಿಸ್ಟ್ ಪಕ್ಷದ ಕಡೆಗೆ ಆ ಬಣದ ಕಣ್ಣು ಬಿತ್ತು. ಹೆರ್ಜೊಗ್ ಆ ಪಕ್ಷಕ್ಕೆ ಸೇರಿದವರು.

ಹುಟ್ಟಿದ್ದು 1937ರಲ್ಲಿ, ಆಗಿನ ಯುಗೋಸ್ಲಾವಿಯಾದ ಓಸಿಯೆಕ್ ಪಟ್ಟಣದಲ್ಲಿ, ಯಹೂದಿ ಮನೆತನದಲ್ಲಿ. ನಾಜಿಗಳ ಕೈಯಿಂದ ತಪ್ಪಿಸಿಕೊಂಡ ಅಪ್ಪ–ಅಮ್ಮ ಮಗನನ್ನು ಕರೆದುಕೊಂಡು ಇಟಲಿಗೆ, ಯುದ್ಧ ಮುಗಿದ ಮೇಲೆ ಬ್ರೆಜಿಲ್‌ಗೆ ಬಂದರು. ಮನೆಯಲ್ಲಿ ಇಟ್ಟ ಹೆಸರು ವ್ಲಾಡೊ. ಗೆಳೆಯರೂ ಹಾಗೇ ಕರೆಯುತ್ತಿದ್ದರು. ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ ಪತ್ರಿಕೋದ್ಯಮಕ್ಕೆ ಬಂದರು, ಲಂಡನ್ನಿನ ಬಿಬಿಸಿಯಲ್ಲಿ ಕೆಲವು ವರ್ಷ ದುಡಿದರು, ಮರಳಿ ಬಂದು ಪಾಠವನ್ನೂ ಹೇಳಿದರು. 1975ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಹಣದಲ್ಲೇ ನಡೆಯುತ್ತಿದ್ದ ಟಿವಿ ಕುಲ್ತೂರಾ ವಾಹಿನಿಯ ಸುದ್ದಿ ವಿಭಾಗದ ಮುಖ್ಯಸ್ಥರಾದರು. ಈ ನೇಮಕ ಕಠಿಣ ಬಣಕ್ಕೆ ನೆಪವಾಯಿತು. ಸರ್ಕಾರಿ ಟಿವಿ ಕಮ್ಯುನಿಸ್ಟರ ಪಾಲಾಯಿತು ಎಂಬ ಕೂಗು ಪತ್ರಿಕೆಯ ಅಂಕಣದಲ್ಲೂ ಶಾಸನಸಭೆಯಲ್ಲೂ ಎದ್ದಿತು.

ಅಕ್ಟೋಬರ್ 24ರ ರಾತ್ರಿ ಸೇನೆಯವರು ವಾಹಿನಿಯ ಕಚೇರಿಗೇ ಬಂದರು. ಸುದ್ದಿ ಪ್ರಸಾರದ ಹೊತ್ತು. ಸಹೋದ್ಯೋಗಿಗಳು ಮಾತಾಡಿ, ಬೆಳಿಗ್ಗೆ ಅವರೇ ಬರುತ್ತಾರೆ ಎಂದು ಒಪ್ಪಿಸಿದರು. ಮರುದಿನ ಶನಿವಾರ ಹೆರ್ಜೊಗ್ ತಾವಾಗಿ ಡೋಯ್-ಕೋಡಿಯ ಬಾಗಿಲಿಗೆ ನಡೆದುಹೋದರು. ವಾರಂಟ್ ಇರಲಿಲ್ಲ, ನ್ಯಾಯಾಧೀಶರ ಆದೇಶ ಇರಲಿಲ್ಲ. ಅಂದೇ ಅವರು ಸತ್ತರು. 38 ವರ್ಷ, ಮನೆಯಲ್ಲಿ ಹೆಂಡತಿ ಕ್ಲಾರಿಸ್, ಇಬ್ಬರು ಗಂಡುಮಕ್ಕಳು.

ಒಳಗೆ ಆಗಲೇ ಬಂಧನದಲ್ಲಿದ್ದ ಇಬ್ಬರು ಪತ್ರಕರ್ತರು, ರೊಡೊಲ್ಫೊ ಕೊಂಡರ್ ಮತ್ತು ಜಾರ್ಜ್ ಡುಕೆ ಎಸ್ಟ್ರಾಡಾ, ಮುಸುಕಿನ ಅಡಿಯಿಂದ ಕಾಣುತ್ತಿದ್ದ ಬೂಟುಗಳಿಂದ ತಮ್ಮ ಗೆಳೆಯನನ್ನು ಗುರುತಿಸಿದರು. ಅವರಿಬ್ಬರನ್ನೂ ಹೆರ್ಜೊಗ್ ಇದ್ದ ಕೋಣೆಗೆ ಕರೆತಂದು, ಗೊತ್ತಿದ್ದದ್ದನ್ನು ಒಪ್ಪಿಕೊಳ್ಳುವಂತೆ ಅವನಿಗೆ ಹೇಳಿ ಎಂದು ಒತ್ತಾಯಿಸಿದರು. ಹೊರಗೆ ಬಂದು ಕೂತ ಮೇಲೆ ಕೂಗಾಟ ಕೇಳಿಸತೊಡಗಿತು. ಆಮೇಲೆ ರೇಡಿಯೊ ಹಚ್ಚಿ ಸದ್ದು ಏರಿಸಿದರು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಮರಣಶಯ್ಯೆಯಲ್ಲಿದ್ದಾನೆ, ಪಾದ್ರಿಗಳು ಅಂತಿಮ ಸಂಸ್ಕಾರ ನೀಡಿದ್ದಾರೆ ಎಂಬ ಸುದ್ದಿ ಆಗ ಬರುತ್ತಿತ್ತು ಎಂದು ಕೊಂಡರ್ ನೆನಪಿಟ್ಟುಕೊಂಡಿದ್ದರು. ಬಿಡುಗಡೆಯಾದ ಮೇಲೆ ವಕೀಲರ ಮುಂದೆ ಕೊಟ್ಟ ಹೇಳಿಕೆಯಲ್ಲಿ ಅದನ್ನೂ ಬರೆಸಿದರು. ಗಡಿಯಾರ ನೋಡಲಾಗದ ಕೈದಿಯ ಮಾತಿಗೆ ರೇಡಿಯೊ ಸುದ್ದಿ ಒಂದು ಆಧಾರ ಕೊಟ್ಟಿತು.

ಡೋಯ್-ಕೋಡಿ ಯಾರ ಕೈಕೆಳಗಿತ್ತೋ ಆ ಎರಡನೇ ಸೇನಾದಳದ ಪ್ರಕಟಣೆ ಬೇರೆ ಕಥೆ ಹೇಳಿತು. ಹೆರ್ಜೊಗ್ ತಾನು ಪಕ್ಷದವನೆಂದು ಕೈಬರಹದಲ್ಲಿ ಒಪ್ಪಿಕೊಂಡ, ಆಮೇಲೆ ಕಾಗದ ಹರಿದು ಚೂರು ಮಾಡಿದ, ಕೈದಿಯ ಉಡುಪಿನ ಬಟ್ಟೆ ಪಟ್ಟಿಯಿಂದ ಕಿಟಕಿ ಸರಳಿಗೆ ನೇಣು ಹಾಕಿಕೊಂಡ. ಇದಕ್ಕೆ ಫೋಟೊ ಇತ್ತು. ತೆಗೆದದ್ದು ಪೊಲೀಸ್ ಅಕಾಡೆಮಿಯಲ್ಲಿ ಛಾಯಾಗ್ರಹಣ ಕಲಿಯುತ್ತಿದ್ದ 22ರ ತರುಣ.

ಆ ಫೋಟೊವನ್ನು ನಿಧಾನವಾಗಿ ನೋಡಬೇಕು. ಕಿಟಕಿಯ ಸರಳಿಗೆ ಪಟ್ಟಿ ಕಟ್ಟಿದೆ. ಅದರ ಇನ್ನೊಂದು ತುದಿ ಕುತ್ತಿಗೆಯಲ್ಲಿದೆ. ಪಕ್ಕದಲ್ಲಿ ಶಾಲೆಯಲ್ಲಿರುವಂಥ ಬರೆಯುವ ಕುರ್ಚಿ; ನೆಲದ ಮೇಲೆ ಹರಿದ ಕಾಗದದ ಚೂರುಗಳು. ಕಾಲುಗಳನ್ನು ನೋಡಿದರೆ ಎರಡೂ ಪಾದ ನೆಲದ ಮೇಲಿವೆ, ಮಂಡಿಗಳು ಮಡಚಿವೆ. ಈ ಭಂಗಿಯಲ್ಲಿ ಯಾರಾದರೂ ನೇಣು ಹಾಕಿಕೊಂಡಾರೆಯೇ ಎಂಬ ಪ್ರಶ್ನೆ ಚಿತ್ರ ನೋಡಿದವರೆಲ್ಲರಲ್ಲೂ ಎದ್ದಿತು. ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಎತ್ತಿದವರು ಅಲ್ಲಿಂದ ಜೀವಸಹಿತ ಹೊರಬಂದ ಕೈದಿಗಳು: ಆ ಕೇಂದ್ರದಲ್ಲಿ ಕೊಡುತ್ತಿದ್ದ ಉಡುಪಿಗೆ ಪಟ್ಟಿಯೇ ಇರುತ್ತಿರಲಿಲ್ಲ. ಹಾಗಾದರೆ ಈ ಪಟ್ಟಿ ಎಲ್ಲಿಂದ ಬಂತು? ಫೋಟೊ ತೆಗೆದ ತರುಣ ಮುಂದೆ ದೇಶ ಬಿಟ್ಟು ಹೋದ. 2012ರಲ್ಲಿ ಪತ್ರಿಕೆಯೊಂದಕ್ಕೆ ಮಾತಾಡುತ್ತಾ, ತನ್ನನ್ನು ಒಂದು ಸುಳ್ಳಿಗೆ ಬಳಸಿಕೊಂಡರು ಎಂದು ಹೇಳಿದ.

ಶವಪರೀಕ್ಷೆಯ ವರದಿಗೆ ಸಹಿ ಹಾಕಿದವರಲ್ಲಿ ಹ್ಯಾರಿ ಶಿಬಾಟಾ ಒಬ್ಬರು. ತಾನು ಶವವನ್ನೇ ನೋಡಿರಲಿಲ್ಲ ಎಂದು ಅವರು ಆಮೇಲೆ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಹೊಡೆದವನ ಕೈ ನಾಲ್ಕು ಗೋಡೆಯೊಳಗೆ ಉಳಿಯುತ್ತದೆ. ವೈದ್ಯನ ಸಹಿ ಆಸ್ಪತ್ರೆ, ಸ್ಮಶಾನ, ನೋಂದಣಿ ಕಚೇರಿ, ವಿಮೆ, ಮಕ್ಕಳ ಶಾಲೆಯ ಅರ್ಜಿಯವರೆಗೂ ಹೋಗುತ್ತದೆ. ಈ ಪ್ರಕರಣದಲ್ಲಿ ಸುಳ್ಳನ್ನು ಸಾವೊ ಪಾಲೊದ ಬೀದಿಗೆ ತಂದು ಬಿಟ್ಟದ್ದು ಆ ಸಹಿ. ಅದಕ್ಕಾಗಿ ನನಗೆ ಆ ಸಹಿಯ ಮೇಲೆ ಇಂದಿಗೂ ಸಿಟ್ಟಿದೆ.

ಮೊದಲ ಪ್ರತಿರೋಧ ಸ್ಮಶಾನದಲ್ಲಿ ನಡೆಯಿತು. ಯಹೂದಿ ಸಂಪ್ರದಾಯದಲ್ಲಿ ಆತ್ಮಹತ್ಯೆ ಮಾಡಿಕೊಂಡವರನ್ನು ಉಳಿದವರ ಜೊತೆ ಹೂಳುವುದಿಲ್ಲ. ಗೋಡೆಯ ಪಕ್ಕದಲ್ಲಿ ಬೇರೆ ಜಾಗ. ಸೇನೆಯ ಹೇಳಿಕೆಯನ್ನು ಒಪ್ಪಿದರೆ ಹೆರ್ಜೊಗ್‌ಗೂ ಅಲ್ಲೇ ಜಾಗ. ಹೂಳುವ ಮುನ್ನ ಶವವನ್ನು ತೊಳೆದು ಸಿದ್ಧಗೊಳಿಸುವ ಸಮುದಾಯದವರಿಗೆ ಮೈಮೇಲೆ ಹಿಂಸೆಯ ಗುರುತುಗಳು ಕಂಡಿದ್ದವು ಎಂದು ರಬ್ಬಿ ಹೆನ್ರಿ ಸೋಬೆಲ್ ಮುಂದೆ ಹೇಳಿದ್ದಾರೆ. ಆಗ ಸೋಬೆಲ್‌ಗೆ 31 ವರ್ಷ. ಅವರು ಹೆರ್ಜೊಗ್ ಅವರನ್ನು ಎಲ್ಲರ ನಡುವೆ ಹೂಳಬೇಕೆಂದು ತೀರ್ಮಾನಿಸಿದರು. ಅಕ್ಟೋಬರ್ 27ರಂದು ಬುತಾಂತಾದ ಯಹೂದಿ ಸ್ಮಶಾನದಲ್ಲಿ ಹಾಗೇ ಆಯಿತು. ಒಂದು ಮಾತೂ ಮುದ್ರಣವಾಗಲಿಲ್ಲ, ಒಂದು ಘೋಷಣೆಯೂ ಇರಲಿಲ್ಲ. ಸಮಾಧಿಯ ಜಾಗವೇ ಸೇನೆಯ ಪ್ರಕಟಣೆಯನ್ನು ಸುಳ್ಳು ಎಂದು ಹೇಳಿತು. ಧರ್ಮದ ಒಂದು ಕಟ್ಟಳೆ ಈ ರೀತಿ ಕೊಲೆಗೆ ಸಾಕ್ಷಿಯಾದದ್ದು ನಾನು ಓದಿದ ಇಂಥ ಪ್ರಕರಣಗಳಲ್ಲಿ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಪತ್ರಕರ್ತರ ಸಂಘ ಇಟ್ಟ ಹೆಜ್ಜೆಯೂ ಜಾಣತನದ್ದು. ಅದರ ಅಧ್ಯಕ್ಷ ಔದಾಲಿಯೊ ದಾಂತಾಸ್. ಸಂಘದ ಹೇಳಿಕೆ ಕೊಲೆ ಎಂಬ ಪದವನ್ನು ಬಳಸಲಿಲ್ಲ. ಬಳಸಿದ್ದರೆ ಮರುದಿನ ಅವರೆಲ್ಲ ಒಳಗಿರುತ್ತಿದ್ದರು. ವಶಕ್ಕೆ ತೆಗೆದುಕೊಂಡವನ ದೇಹಕ್ಕೆ ಕಾನೂನಿನ ಪ್ರಕಾರ ವಶಕ್ಕೆ ತೆಗೆದುಕೊಂಡ ಅಧಿಕಾರಿಯೇ ಹೊಣೆ ಎಂದಷ್ಟೇ ಹೇಳಿತು. ಆ ವಾಕ್ಯವನ್ನು ಅಲ್ಲಗಳೆಯಲು ಸರ್ಕಾರದ ಬಳಿ ಮಾತಿರಲಿಲ್ಲ. ಮೂರು ವರ್ಷದ ಬಳಿಕ ನ್ಯಾಯಾಲಯದ ತೀರ್ಪು ನಿಂತದ್ದೂ ಹೆಚ್ಚುಕಡಿಮೆ ಅದೇ ನೆಲೆಯ ಮೇಲೆ.

ಅಕ್ಟೋಬರ್ 31ರಂದು ನಗರದ ನಡುವಿನ ಸೆ ಕೆಥೆಡ್ರಲ್‌ನಲ್ಲಿ ಸರ್ವಧರ್ಮ ಪ್ರಾರ್ಥನೆ ಏರ್ಪಾಡಾಯಿತು. ಕಾರ್ಡಿನಲ್ ಪಾವ್ಲೊ ಎವರಿಸ್ಟೊ ಆರ್ನ್ಸ್, ರಬ್ಬಿ ಸೋಬೆಲ್, ಪ್ರೆಸ್ಬಿಟೇರಿಯನ್ ಪಾದ್ರಿ ಜೈಮೆ ರೈಟ್ ಒಂದೇ ವೇದಿಕೆಯಲ್ಲಿ ನಿಂತರು. ರೈಟ್ ಅವರ ತಮ್ಮ ಪಾವ್ಲೊ 1973ರಿಂದ ನಾಪತ್ತೆಯಾಗಿದ್ದ. ಜನ ಸೇರದಂತೆ ಪೊಲೀಸರು ನಗರದ ರಸ್ತೆಗಳಲ್ಲೆಲ್ಲ ನಾಕಾಬಂದಿ ಹಾಕಿ ವಾಹನಗಳನ್ನು ತಡೆದರು. ವಾಹನ ಬಿಟ್ಟು ಜನ ನಡೆದು ಬಂದರು. ಸುಮಾರು 8,000 ಮಂದಿ ಚರ್ಚಿನೊಳಗೂ ಮುಂದಿನ ಚೌಕದಲ್ಲೂ ತುಂಬಿಕೊಂಡರು. ಘೋಷಣೆ ಕೂಗಬೇಡಿ, ಗುಂಪುಗುಂಪಾಗಿ ಸದ್ದಿಲ್ಲದೆ ಚದುರಿ ಎಂದು ಹೇಳಿದ್ದನ್ನು ಪಾಲಿಸಿದರು. 1968ರ ಶಾಸನದ ನಂತರ ಸೈನಿಕ ಆಡಳಿತದ ವಿರುದ್ಧ ಇಷ್ಟು ದೊಡ್ಡ ಜನ ಸೇರಿದ್ದು ಅದೇ ಮೊದಲು ಎಂದು ಬ್ರೆಜಿಲ್‌ನ ಇತಿಹಾಸಕಾರರು ಗುರುತಿಸುತ್ತಾರೆ.

ಸೇನೆ ತನ್ನದೇ ತನಿಖೆ ನಡೆಸಿ ಡಿಸೆಂಬರ್‌ನಲ್ಲಿ ಮತ್ತೆ ಆತ್ಮಹತ್ಯೆ ಎಂದಿತು. ಜನವರಿಯಲ್ಲಿ 1,004 ಪತ್ರಕರ್ತರು ಆ ವರದಿಯಲ್ಲಿನ ಪೊಳ್ಳುಗಳನ್ನು ಎತ್ತಿ ತೋರಿಸಿ ಸಹಿ ಮಾಡಿದರು. ಪತ್ರಿಕೆಯಲ್ಲಿ ಹಣ ಕೊಟ್ಟು ಜಾಹೀರಾತಾಗಿ ಅದನ್ನು ಅಚ್ಚು ಹಾಕಿಸಿದರು. ಅದೇ ತಿಂಗಳ 17ರಂದು ಮನೊಯೆಲ್ ಫಿಯೆಲ್ ಫಿಲ್ಯೊ ಎಂಬ ಲೋಹ ಕಾರ್ಖಾನೆಯ ಕಾರ್ಮಿಕ ಅದೇ ಡೋಯ್-ಕೋಡಿಯಲ್ಲಿ ಸತ್ತ. ಹಿಂದಿನ ದಿನ ಕಾರ್ಖಾನೆಯಿಂದಲೇ ಎತ್ತಿಕೊಂಡು ಹೋಗಿದ್ದರು. ಕಾಲುಚೀಲದಿಂದ ನೇಣು ಹಾಕಿಕೊಂಡ ಎಂದು ಸೇನೆ ಹೇಳಿತು. ಕರೆದೊಯ್ದಾಗ ಅವನ ಕಾಲಲ್ಲಿ ಚಪ್ಪಲಿ ಇತ್ತು, ಕಾಲುಚೀಲ ಇರಲಿಲ್ಲ ಎಂದು ಜೊತೆಯವರು ಹೇಳಿದರು. ಮೂರು ತಿಂಗಳೊಳಗೆ ಒಂದೇ ಕಟ್ಟಡದಲ್ಲಿ ಎರಡನೇ ನೇಣು. ಅಧ್ಯಕ್ಷ ಗೈಸೆಲ್ ಎರಡನೇ ಸೇನಾದಳದ ಮುಖ್ಯಸ್ಥ ಜನರಲ್ ಎದ್ನಾರ್ಡೊ ದಾವಿಲಾ ಮೆಲ್ಲೊ ಅವರನ್ನು ಎರಡೇ ದಿನದಲ್ಲಿ ಹುದ್ದೆಯಿಂದ ತೆಗೆದರು. ಇದನ್ನು ಗೈಸೆಲ್ ಅವರ ಮಾನವೀಯತೆ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಮ್ಮ ಮಾತು ಮೀರಿದ ಜನರಲ್‌ನನ್ನು ಅವರು ತೆಗೆದರು; ಕೊಂದವರನ್ನು ಯಾರೂ ಮುಟ್ಟಲಿಲ್ಲ. ಹೆರ್ಜೊಗ್ ಹೆಸರು ಲೋಕಕ್ಕೆಲ್ಲ ಗೊತ್ತು, ಫಿಯೆಲ್ ಫಿಲ್ಯೊ ಹೆಸರು ಎಷ್ಟು ಜನಕ್ಕೆ ಗೊತ್ತು? ಪತ್ರಕರ್ತನಿಗೆ ಸಂಘವಿತ್ತು, ಕೆಥೆಡ್ರಲ್ ಸಿಕ್ಕಿತು. ಕಾರ್ಮಿಕನ ಮನೆಯವರ ಕೈಗೆ ಶವ ಕೊಟ್ಟದ್ದು ಬೇಗ ಹೂಳಬೇಕೆಂಬ ಕರಾರಿನ ಮೇಲೆ.

1976ರ ಏಪ್ರಿಲ್‌ನಲ್ಲಿ ಕ್ಲಾರಿಸ್ ಹೆರ್ಜೊಗ್ ನ್ಯಾಯಾಲಯಕ್ಕೆ ಹೋದರು. ಅವರು ಪರಿಹಾರ ಕೇಳಲಿಲ್ಲ. ಗಂಡನ ಬಂಧನ, ಹಿಂಸೆ, ಸಾವಿಗೆ ಒಕ್ಕೂಟ ಸರ್ಕಾರವೇ ಹೊಣೆ ಎಂದು ಘೋಷಿಸಬೇಕೆಂಬುದಷ್ಟೇ ಅರ್ಜಿಯ ಕೋರಿಕೆ. ಹಣ ಕೇಳಿದ್ದರೆ ಸರ್ಕಾರ ಒಂದಿಷ್ಟು ಕೊಟ್ಟು, ಆತ್ಮಹತ್ಯೆ ಎಂಬ ಮಾತನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು. ಘೋಷಣೆ ಕೇಳಿದಾಗ ಸತ್ಯವೇನು ಎಂದು ಹೇಳದೆ ನ್ಯಾಯಾಧೀಶರಿಗೆ ದಾರಿಯಿಲ್ಲ.

1978ರ ಜೂನ್‌ನಲ್ಲಿ ತೀರ್ಪು ಸಿದ್ಧವಿತ್ತು. ನ್ಯಾಯಾಧೀಶ ಜೊವೊ ಗೋಮೆಸ್ ಮಾರ್ಟಿನ್ಸ್ ಫಿಲ್ಯೊ ನಿವೃತ್ತಿಯ ಅಂಚಿನಲ್ಲಿದ್ದರು. ಅವರು ಅದನ್ನು ಓದದಂತೆ ಸರ್ಕಾರದ ಕಡೆಯವರು ಮೇಲಿನ ನ್ಯಾಯಾಲಯದಿಂದ ತಡೆ ತಂದರು. ಅವರು ನಿವೃತ್ತರಾದರು. ಕಡತ 32ರ ಹರೆಯದ ಮಾರ್ಸಿಯೊ ಜೊಸೆ ಡಿ ಮೊರಾಯೆಸ್ ಅವರ ಮೇಜಿಗೆ ಬಂತು. ಹೊಸಬ, ಹೆದರಿಕೊಳ್ಳುತ್ತಾನೆ ಎಂದು ತಡೆ ತಂದವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಐದನೇ ಶಾಸನ ಇನ್ನೂ ಜಾರಿಯಲ್ಲಿತ್ತು. ಒಂದು ಸಹಿಯಿಂದ ನ್ಯಾಯಾಧೀಶನನ್ನು ಮನೆಗೆ ಕಳಿಸಬಹುದಿತ್ತು. ಅಕ್ಟೋಬರ್ 27ರಂದು ಮೊರಾಯೆಸ್ ತೀರ್ಪು ಕೊಟ್ಟರು: ಬಂಧನ ಅಕ್ರಮ, ಹಿಂಸೆಗೆ ಪುರಾವೆ ಇದೆ, ಒಬ್ಬ ವೈದ್ಯ ನೋಡದೆ ಸಹಿ ಹಾಕಿದ ಶವಪರೀಕ್ಷೆಯ ವರದಿ ನಿಲ್ಲುವುದಿಲ್ಲ, ವಶದಲ್ಲಿದ್ದವನ ಸಾವಿಗೆ ಸರ್ಕಾರವೇ ಹೊಣೆ. ಸೈನಿಕ ಆಡಳಿತ ನಡೆಯುತ್ತಿದ್ದಾಗಲೇ ಅದೇ ದೇಶದ ನ್ಯಾಯಾಲಯ ಹೀಗೆ ಬರೆಯಿತು. ಸೇನೆ ತಯಾರಿಸಿದ ಕಾಗದಗಳೇ ಅದಕ್ಕೆ ಸಾಕ್ಷ್ಯವಾಗಿದ್ದವು.

ಆರ್ನ್ಸ್ ಮತ್ತು ರೈಟ್ ಅದೇ ಕಾಗದದ ದಾರಿಯನ್ನು ಇನ್ನೂ ಮುಂದೆ ಒಯ್ದರು. ಸೈನಿಕ ನ್ಯಾಯಾಲಯಗಳಲ್ಲಿ ಅನೇಕ ಕೈದಿಗಳು ತಮಗಾದ ಹಿಂಸೆಯನ್ನು ಬಾಯಿಬಿಟ್ಟು ಹೇಳಿದ್ದರು, ಗುಮಾಸ್ತರು ಅದನ್ನು ದಾಖಲಿಸಿಯೂ ಇದ್ದರು. 1979ರಲ್ಲಿ ಕ್ಷಮಾದಾನದ ಹೊತ್ತಿಗೆ ವಕೀಲರಿಗೆ ಬ್ರಸಿಲಿಯಾದ ಸೈನಿಕ ನ್ಯಾಯಾಲಯದಿಂದ ಕಡತಗಳನ್ನು 24 ಗಂಟೆ ಕಾಲ ಒಯ್ಯಲು ಅವಕಾಶವಿತ್ತು. ಬಾಡಿಗೆ ಯಂತ್ರಗಳಲ್ಲಿ ರಾತ್ರಿ ಹಗಲು ಜೆರಾಕ್ಸ್ ತೆಗೆದು ಕಡತ ಮರಳಿಸುತ್ತಿದ್ದರು. ಐದಾರು ವರ್ಷ ಗುಟ್ಟಾಗಿ ನಡೆದ ಈ ಕೆಲಸದಲ್ಲಿ 707 ಪ್ರಕರಣಗಳ ಸುಮಾರು ಹತ್ತು ಲಕ್ಷ ಪುಟ ಪ್ರತಿಯಾದವು. ಮೈಕ್ರೊಫಿಲ್ಮ್ ಮಾಡಿ ದೇಶದ ಹೊರಗೂ ಕಳಿಸಿದರು. 1985ರಲ್ಲಿ ಅದರ ಸಾರ ‘ಬ್ರೆಜಿಲ್: ಇನ್ನೆಂದೂ ಬೇಡ’ ಎಂಬರ್ಥದ ಹೆಸರಿನಲ್ಲಿ ಪುಸ್ತಕವಾಯಿತು. ಹಿಂಸೆ ನಡೆದೇ ಇಲ್ಲ ಎನ್ನುತ್ತಿದ್ದವರ ಬೀರುವಿನಿಂದಲೇ ಬಂದ ಪುರಾವೆ ಅದು.

ಪುರಾವೆ ಇದ್ದರೂ ಶಿಕ್ಷೆಯಾಗಲಿಲ್ಲ. 1979ರ ಕ್ಷಮಾದಾನ ಕಾನೂನು ಗಡಿಪಾರಾದವರನ್ನು ಮರಳಿ ಕರೆತಂದಿತು, ಜೈಲಿನ ಬಾಗಿಲು ತೆರೆಯಿತು. ಅದರಲ್ಲಿದ್ದ ರಾಜಕೀಯ ಅಪರಾಧಗಳಿಗೆ ಸಂಬಂಧಪಟ್ಟ ಅಪರಾಧಗಳು ಎಂಬ ಮಾತು ಹಿಂಸಿಸಿದವರಿಗೂ ಕೊಡೆ ಹಿಡಿಯಿತು. 1992ರಲ್ಲಿ ಒಬ್ಬ ಮಾಜಿ ಅಧಿಕಾರಿ ಹೆರ್ಜೊಗ್‌ರನ್ನು ವಿಚಾರಿಸಿದ್ದು ತಾನೇ ಎಂದು ಪತ್ರಿಕೆಗೆ ಹೇಳಿದ ಮೇಲೆ ತನಿಖೆ ಶುರುವಾಯಿತು. ಕ್ಷಮಾದಾನದ ಹೆಸರಿನಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. 2010ರಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. 2012ರ ಸೆಪ್ಟೆಂಬರ್‌ನಲ್ಲಿ ಮರಣ ಪತ್ರ ತಿದ್ದಲು ಆದೇಶವಾದದ್ದು, ಸೈನಿಕ ಆಡಳಿತದ ಕಾಲದ ದೌರ್ಜನ್ಯಗಳನ್ನು ಪರಿಶೀಲಿಸುತ್ತಿದ್ದ ಸತ್ಯಶೋಧನಾ ಆಯೋಗದ ಕೋರಿಕೆಯ ಮೇರೆಗೆ, ಸಾವೊ ಪಾಲೊದ ಸಾಮಾನ್ಯ ನೋಂದಣಿ ನ್ಯಾಯಾಲಯದಲ್ಲಿ. ಕ್ರಿಮಿನಲ್ ನ್ಯಾಯಾಲಯಗಳ ಬಾಗಿಲು ಮುಚ್ಚಿದ್ದಾಗ, ಹೆಸರಿನ ಅಕ್ಷರದೋಷ ತಿದ್ದಿಸಲು ಜನ ಹೋಗುವ ಕಚೇರಿಯ ಬಾಗಿಲು ತೆರೆದಿತ್ತು.

2014ರ ಡಿಸೆಂಬರ್‌ನಲ್ಲಿ ಆಯೋಗ ವರದಿ ಕೊಟ್ಟಿತು. ಸತ್ತವರು ಮತ್ತು ನಾಪತ್ತೆಯಾದವರು ಸೇರಿ 434 ಹೆಸರು ಅದರಲ್ಲಿವೆ. ಮಾಜಿ ಸಂಸದ ರೂಬೆನ್ಸ್ ಪೈವಾ ಅವರಲ್ಲೊಬ್ಬರು. 1971ರ ಜನವರಿಯಲ್ಲಿ ರಿಯೊದ ಮನೆಯಿಂದ ಅವರನ್ನು ಕರೆದೊಯ್ದ ಸೇನೆ, ಬಂಡುಕೋರರು ದಾರಿಯಲ್ಲಿ ಕಾರಿನ ಮೇಲೆ ದಾಳಿ ಮಾಡಿ ಬಿಡಿಸಿಕೊಂಡು ಹೋದರು ಎಂದಿತ್ತು. ದೇಹ ಇಂದಿಗೂ ಸಿಕ್ಕಿಲ್ಲ. ಅವರ ಹೆಂಡತಿ ಯುನಿಸ್ ಐದು ಮಕ್ಕಳನ್ನು ಸಾಕುತ್ತಾ ಕಾನೂನು ಓದಿ ವಕೀಲರಾದರು. ಗಂಡ ಸತ್ತಿದ್ದಾರೆ ಎಂಬ ಪ್ರಮಾಣಪತ್ರ ಅವರಿಗೆ ಸಿಕ್ಕಿದ್ದು 1996ರಲ್ಲಿ. ಅವರ ಕಥೆಯ ‘ಐ ಆ್ಯಮ್ ಸ್ಟಿಲ್ ಹಿಯರ್’ 2025ರಲ್ಲಿ ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರದ ಆಸ್ಕರ್ ಪಡೆದಾಗ ನಮ್ಮಲ್ಲೂ ಅನೇಕರು ಅದನ್ನು ನೋಡಿದರು.

2018ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ ಹೆರ್ಜೊಗ್ ಅವರ ಸಾವನ್ನು ಮಾನವಕುಲದ ವಿರುದ್ಧದ ಅಪರಾಧ ಎಂದು ತೀರ್ಮಾನಿಸಿತು. ಕ್ಷಮಾದಾನವನ್ನೂ ಕಾಲಮಿತಿಯನ್ನೂ ಅಡ್ಡ ತರಬಾರದು, ಮತ್ತೆ ತನಿಖೆ ನಡೆಸಿ ಎಂದು ಬ್ರೆಜಿಲ್‌ಗೆ ಆದೇಶಿಸಿತು. ಅದರಂತೆ 2020ರಲ್ಲಿ ಫೆಡರಲ್ ಅಭಿಯೋಜಕರು ಆರು ಮಂದಿಯ ಮೇಲೆ ಆರೋಪಪಟ್ಟಿ ಹಾಕಿದರು. ಕೆಳ ನ್ಯಾಯಾಲಯ ಕ್ಷಮಾದಾನ ಕಾನೂನನ್ನೇ ತೋರಿಸಿ ಅದನ್ನು ತಳ್ಳಿಹಾಕಿತು.

2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ನ್ಯಾಯಾಂಗ ಮಂಡಳಿ, ಆಯೋಗ ಗುರುತಿಸಿದ 434 ಜನರ ಮರಣ ಪತ್ರಗಳನ್ನೂ ನೋಂದಣಿ ಕಚೇರಿಗಳೇ ತಿದ್ದಿಕೊಡಬೇಕು, ಇಲ್ಲದವರಿಗೆ ಹೊಸದಾಗಿ ಕೊಡಬೇಕು ಎಂದು ಆದೇಶಿಸಿತು. ಹೆಂಡತಿ, ಮಕ್ಕಳು ಇನ್ನು ಒಬ್ಬೊಬ್ಬರಾಗಿ ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ಸಾವು ಅಸಹಜ, ಹಿಂಸೆಯಿಂದ ಆದದ್ದು, ಕಾರಣ ಬ್ರೆಜಿಲ್ ಪ್ರಭುತ್ವ ಎಂಬ ಅರ್ಥದ ಮಾತನ್ನು ಎಲ್ಲ ಪತ್ರಗಳಲ್ಲೂ ಬರೆಯಬೇಕೆಂದು ಅದು ಗೊತ್ತುಮಾಡಿದೆ. 2025ರ ಜನವರಿಯಲ್ಲಿ ರೂಬೆನ್ಸ್ ಪೈವಾ ಅವರ ಪತ್ರ ಹಾಗೆ ತಿದ್ದುಪಡಿಯಾಯಿತು. ಯುನಿಸ್ 2018ರಲ್ಲೇ ತೀರಿಕೊಂಡಿದ್ದರು.